ಕೋಗಿಲೆಗೆ ಗುರು ಬೇಡ, ಮನುಷ್ಯನಿಗೆ ಬೇಕು



ಮಾರ್ಚ್ ತಿಂಗಳ ನಸುಕಿನಲ್ಲಿ ಬಸವೇಶ್ವರನಗರದ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನಿಂತು ಕಿವಿಗೊಟ್ಟರೆ ಎರಡು ಸದ್ದುಗಳು ಕೇಳುತ್ತವೆ. ಒಂದು, ಮಾಗಡಿ ರಸ್ತೆಯ ಕಡೆಯಿಂದ ಬರುವ ಲಾರಿಗಳ ಮೊರೆತ. ಇನ್ನೊಂದು, ಮಾವಿನ ಮರದಿಂದಲೋ ಹೊಂಗೆಯ ಮರದಿಂದಲೋ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಏರುವ ಕೋಗಿಲೆಯ ಕೂಗು. ರಾಜಾಜಿನಗರ, ವಿಜಯನಗರ, ಕೆಂಗೇರಿ ಉಪನಗರ, ಎಲ್ಲ ಕಡೆಯೂ ಇದೇ ಅನುಭವ. ಮನೆಗಳು ಮೇಲೆ ಮೇಲೆ ಎದ್ದರೂ, ಮೆಟ್ರೋ ಕಂಬಗಳು ಬಂದರೂ, ಕೋಗಿಲೆ ಮಾತ್ರ ಊರು ಬಿಟ್ಟಿಲ್ಲ.

ಈ ಕೋಗಿಲೆಯ ಬಾಲ್ಯವನ್ನು ಒಮ್ಮೆ ನೆನೆಯಿರಿ. ತಾಯಿ ಕೋಗಿಲೆ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಮರಿ ಕಣ್ಣು ಬಿಟ್ಟಾಗ ಎದುರಿಗಿರುವುದು ಕಾಗೆ. ಗುಟುಕು ಕೊಡುವುದು ಕಾಗೆ. ಹಗಲಿಡೀ ಕಿವಿಗೆ ಬೀಳುವುದು ಕಾಗೆಯ ದನಿ. ಆದರೂ ಆ ಮರಿ ದೊಡ್ಡದಾಗಿ, ಗಂಡಾಗಿದ್ದರೆ, ವಸಂತದಲ್ಲಿ ಹಾಡುವುದು ಕೋಗಿಲೆಯ ಹಾಡನ್ನೇ. ಕಾಗೆಯೂ ಕಪ್ಪು, ಕೋಗಿಲೆಯೂ ಕಪ್ಪು, ವಸಂತ ಬಂದಾಗಲೇ ಎರಡರ ಭೇದ ತಿಳಿಯುವುದು ಎಂದು ನಮ್ಮ ಹಿರಿಯರು ಸುಭಾಷಿತ ಕಟ್ಟಿದ್ದು ನೀತಿಗಾಗಿ. ಆದರೆ ಅದರೊಳಗೆ ಜೀವಶಾಸ್ತ್ರದ ಒಂದು ದೊಡ್ಡ ಸತ್ಯವೂ ಅಡಗಿದೆ. ಕೋಗಿಲೆಯ ಹಾಡು ಕಲಿತದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಅದರ ಮೆದುಳಿನಲ್ಲಿ, ಗಂಟಲಿನಲ್ಲಿ, ರಕ್ತದಲ್ಲಿ ಬರೆದಿಟ್ಟದ್ದು.

ಹಾಗಾದರೆ ಮನುಷ್ಯನ ಹಾಡು ಎಲ್ಲಿಂದ ಬಂತು? ಅದೂ ರಕ್ತದಲ್ಲಿ ಬರೆದದ್ದೋ, ಅಥವಾ ಅಜ್ಜಿಯ ಬಾಯಿಂದ ಕಲಿತದ್ದೋ? ಇಂದಿನ ಮಾತಿನ ವಿಷಯ ಇದು. ಇದು ಪಂಡಿತರ ಕುತೂಹಲದ ಪ್ರಶ್ನೆ ಮಾತ್ರವಲ್ಲ. ಇದಕ್ಕೆ ಸಿಗುವ ಉತ್ತರದ ಮೇಲೆ ಮನೆಯ ಜೋಗುಳದಿಂದ ಹಿಡಿದು ಶಾಲೆಯ ಸಂಗೀತದ ಪೀರಿಯಡ್‌ವರೆಗೆ ಅನೇಕ ಸಂಗತಿಗಳ ಭವಿಷ್ಯ ನಿಂತಿದೆ.

ಹಾಡುವ ಗಂಡು, ಕೇಳುವ ಹೆಣ್ಣು

ಪ್ರಾಣಿಗಳು ಏಕೆ ಹಾಡುತ್ತವೆ ಎಂಬುದು ಈಗ ಬಹುಮಟ್ಟಿಗೆ ತಿಳಿದ ವಿಷಯ. ಹೆಚ್ಚಿನ ಕಡೆ ಗಂಡು ಹಾಡುತ್ತದೆ, ಹೆಣ್ಣು ಕೇಳಿ ಆರಿಸುತ್ತದೆ. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಸಂಗಡಿಗರು ಪೊದೆಗಳಲ್ಲಿ ವಾಸಿಸುವ ಒಂದು ಬಗೆಯ ಜೀರುಂಡೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡುವ ಈ ಕೀಟದ ಗಂಡುಗಳಲ್ಲಿ ಕೆಲವು ಒಂದು ಉಪಾಯ ಹೂಡುತ್ತವೆ. ಎಲೆಯೊಂದರಲ್ಲಿ ಬಾಯಿಂದ ತೂತು ಕೊರೆದು, ಅದರ ನಡುವೆ ಕುಳಿತು, ಎಲೆಗೆ ಸಮನಾಗಿ ರೆಕ್ಕೆ ಹರಡಿ ಹಾಡುತ್ತವೆ. ಎಲೆ ಇಲ್ಲಿ ಧ್ವನಿವರ್ಧಕದ ಕೆಲಸ ಮಾಡುತ್ತದೆ. 2020ರಲ್ಲಿ ಪ್ರಕಟವಾದ ಈ ತಂಡದ ಅಧ್ಯಯನದ ಪ್ರಕಾರ ಹೆಚ್ಚಾಗಿ ಈ ಉಪಾಯಕ್ಕೆ ಕೈಹಾಕುವವು ಗಾತ್ರದಲ್ಲಿ ಚಿಕ್ಕವಾದ, ದನಿ ಕಡಿಮೆಯಿರುವ ಗಂಡುಗಳು. ಹೆಣ್ಣಿಗೆ ಜೋರು ದನಿ ಇಷ್ಟ, ಬಡಪಾಯಿ ಗಂಡಿಗೆ ಎಲೆಯೇ ಗತಿ. ಉತ್ಸವದ ದಿನ ಗಲ್ಲಿಯ ಗಾಯಕನಿಗೆ ಮೈಕು ಸಿಕ್ಕಿದ ಹಾಗೆ.

ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಮನುಷ್ಯನ ವಂಶದ ಬಗ್ಗೆ ಬರೆದಾಗ ಇಂಥ ಸಂಗತಿಗಳನ್ನು ನೋಡಿಯೇ ಒಂದು ಊಹೆ ಮಾಡಿದ. ಮನುಷ್ಯನ ಪೂರ್ವಜರು ಮಾತು ಕಲಿಯುವ ಮೊದಲೇ ಹಾಡುತ್ತಿದ್ದರು, ಗಂಡು ಹೆಣ್ಣು ಪರಸ್ಪರ ಒಲಿಸಿಕೊಳ್ಳಲು ದನಿಯನ್ನು ಬಳಸುತ್ತಿದ್ದರು, ಇಂದಿನ ಸಂಗೀತ ಅದರ ಉಳಿಕೆ ಎಂಬುದು ಅವನ ವಾದ. ಅದಕ್ಕೂ ಮುಂಚೆ, 1857ರಲ್ಲಿ, ಹರ್ಬರ್ಟ್ ಸ್ಪೆನ್ಸರ್ ಇದಕ್ಕೆ ವಿರುದ್ಧವಾದ ಮಾತು ಹೇಳಿದ್ದ. ಮೊದಲು ಮಾತು ಬಂತು, ಭಾವ ಉಕ್ಕಿದಾಗ ಮಾತಿನ ಏರಿಳಿತ ಹಿಗ್ಗಿ ಹಾಡಾಯಿತು ಎಂದು.

ಡಾರ್ವಿನನ ಊಹೆ ಕೋಗಿಲೆಗೆ ಸರಿಹೊಂದುತ್ತದೆ. ಮನುಷ್ಯನಿಗೆ? ಕನ್ನಡದ ಜನಪದ ಹಾಡುಗಳ ಸಂಗ್ರಹವನ್ನೇ ಪರೀಕ್ಷೆಗೆ ಒಡ್ಡೋಣ. ಹಲಸಂಗಿಯ ಗೆಳೆಯರು ಊರೂರು ಅಲೆದು ಕೂಡಿಸಿ 1931ರಲ್ಲಿ ಹೊರತಂದ 'ಗರತಿಯ ಹಾಡು' ಹೆಸರೇ ಹೇಳುವಂತೆ ಹೆಂಗಸರ ಹಾಡುಗಳ ಪುಸ್ತಕ. ಬೀಸುವ ಪದ, ಕುಟ್ಟುವ ಪದ, ತೊಟ್ಟಿಲ ಹಾಡು, ಸೋಬಾನೆ, ತವರನ್ನು ನೆನೆಯುವ ತ್ರಿಪದಿ, ಇವೆಲ್ಲ ಹೆಣ್ಣಿನ ಬಾಯಲ್ಲಿ ಬೆಳೆದವು. ಮದುವೆಯಾಗಿ ಮಕ್ಕಳಾದ ಗರತಿ, ಮೊಮ್ಮಕ್ಕಳನ್ನು ಕಂಡ ಮುದುಕಿ ಹಾಡಿದವು. ಗಂಡು ಹೆಣ್ಣನ್ನು ಒಲಿಸುವುದೊಂದೇ ಹಾಡಿನ ಕಾರಣವಾಗಿದ್ದರೆ ಬೀಸುಕಲ್ಲಿನ ಮುಂದೆ ನಸುಕಿನಲ್ಲಿ ಕುಳಿತ ಅಜ್ಜಿ ಏಕೆ ಹಾಡಬೇಕಿತ್ತು? ಪ್ರೇಮದ ಹಾಡು ಸಂಗೀತದ ಒಂದು ಕೋಣೆ, ಅದೇ ಇಡೀ ಮನೆಯಲ್ಲ.

ಹೀಗೆ ಡಾರ್ವಿನನ ಉತ್ತರ ಸಾಲದೆ ಹೋದಾಗ ಬೇರೊಂದು ಪಂಥ ತಲೆಯೆತ್ತಿತು. ಸಂಗೀತಕ್ಕೆ ಜೈವಿಕ ಉದ್ದೇಶವೇ ಇಲ್ಲ ಎಂಬುದು ಅವರ ವಾದ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಪಿಂಕರ್ 1997ರಲ್ಲಿ ಸಂಗೀತವನ್ನು ಕಿವಿಗೆ ಉಣಿಸುವ ಸಿಹಿ ತಿನಿಸಿಗೆ ಹೋಲಿಸಿದರು. ನಮ್ಮ ನಾಲಿಗೆ ಸಿಹಿಯನ್ನು ಮೆಚ್ಚುವಂತೆ ರೂಪುಗೊಂಡದ್ದು ಹಣ್ಣು ಹುಡುಕಲಿಕ್ಕೆ. ಮೈಸೂರುಪಾಕು ಆ ಆಸೆಯ ಮೇಲೆ ಮನುಷ್ಯ ಕಟ್ಟಿದ ಕಟ್ಟಡ. ಅದಿಲ್ಲದೆಯೂ ಬದುಕಬಹುದು. ಹಾಗೆಯೇ ಮಾತಿಗಾಗಿ, ಸದ್ದು ಗುರುತಿಸುವುದಕ್ಕಾಗಿ ಬೆಳೆದ ಮೆದುಳನ್ನು ಸಂಗೀತ ಕಚಗುಳಿಯಿಡುತ್ತದೆ, ಅಷ್ಟೆ. ಈ ಮಾತು ಸಂಗೀತಗಾರರನ್ನು ಕೆರಳಿಸಿತು. ಆದರೆ ಅದರಿಂದ ಒಂದು ಉಪಕಾರವಾಯಿತು. ಉತ್ತರ ಕೊಡಬೇಕೆಂಬ ಹಟಕ್ಕೆ ಬಿದ್ದವರು ಪ್ರಯೋಗಗಳಿಗೆ ಇಳಿದರು. ಅವರು ಮೊದಲು ಹೋದದ್ದು ತೊಟ್ಟಿಲ ಬಳಿಗೆ.

ಗರ್ಭದಲ್ಲೇ ಮೊದಲ ಪಾಠ

ನಮ್ಮಲ್ಲಿ ಬಸುರಿಗೆ ಸೀಮಂತ ಮಾಡಿ, ಎರಡೂ ಕೈತುಂಬ ಗಾಜಿನ ಬಳೆ ತೊಡಿಸಿ, ಆರತಿ ಹಾಡು ಹೇಳುವ ರೂಢಿ ಉಂಟು. ಗರ್ಭದಲ್ಲೇ ಚಕ್ರವ್ಯೂಹದ ಪಾಠ ಕೇಳಿದ ಅಭಿಮನ್ಯುವಿನ ಕತೆ ಎಲ್ಲರಿಗೂ ಗೊತ್ತು. ಚಕ್ರವ್ಯೂಹದ ಮಾತು ಹಾಗಿರಲಿ, ಆರನೆಯ ತಿಂಗಳಿನ ಹೊತ್ತಿಗೆ ಗರ್ಭದೊಳಗಿನ ಮಗು ಸದ್ದುಗಳಿಗೆ ಸ್ಪಂದಿಸತೊಡಗುತ್ತದೆ ಎಂಬುದು ದೃಢಪಟ್ಟ ಸಂಗತಿ. ನೀರಿನೊಳಗೆ ಮುಳುಗಿದವನಿಗೆ ದಡದ ಮಾತು ಕೇಳುವಂತೆ, ಅಕ್ಷರಗಳು ಮಸುಕಾಗಿ ಏರಿಳಿತ ಮತ್ತು ಲಯ ಮಾತ್ರ ಅದಕ್ಕೆ ತಲುಪುತ್ತವೆ. ಅಂದರೆ ಮಗು ತಾಯಿಯ ಮಾತನ್ನು ಮೊದಲು ಕೇಳುವುದು ಮಾತಾಗಿ ಅಲ್ಲ, ರಾಗವಾಗಿ.

2009ರಲ್ಲಿ ಜರ್ಮನಿಯ ಕ್ಯಾಥ್ಲೀನ್ ವೆರ್ಮ್ಕೆ ಮತ್ತು ಸಂಗಡಿಗರು 30 ಫ್ರೆಂಚ್ ಹಾಗೂ 30 ಜರ್ಮನ್ ಹಸುಗೂಸುಗಳ ಅಳುವನ್ನು ದಾಖಲಿಸಿಕೊಂಡರು. ಹುಟ್ಟಿ ಎರಡರಿಂದ ಐದು ದಿನವಾಗಿದ್ದ ಕೂಸುಗಳವು. ಫ್ರೆಂಚ್ ಕೂಸುಗಳ ಅಳು ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು, ಜರ್ಮನ್ ಕೂಸುಗಳದು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಆ ಎರಡು ಭಾಷೆಗಳ ಮಾತಿನ ಧಾಟಿಯೂ ಹಾಗೆಯೇ ಇದೆ. ಹುಟ್ಟುವ ಮೊದಲೇ ಮಗು ತಾಯಿನುಡಿಯ ಧಾಟಿ ಹಿಡಿದಿತ್ತು.

ಅದೇ ವರ್ಷ ಹಂಗೇರಿ ಮತ್ತು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಎರಡು ಮೂರು ದಿನದ ಕೂಸುಗಳು ಮಲಗಿದ್ದಾಗ ಅವಕ್ಕೆ ತಾಳವೊಂದನ್ನು ಕೇಳಿಸಿ, ನಡುನಡುವೆ ಮುಖ್ಯವಾದ ಪೆಟ್ಟನ್ನು ಬಿಟ್ಟುಬಿಟ್ಟರು. ಬರಬೇಕಾದ ಪೆಟ್ಟು ಬಾರದೆ ಹೋದಾಗಲೆಲ್ಲ ಮೆದುಳಿನ ವಿದ್ಯುತ್ ಅಲೆಗಳಲ್ಲಿ ಬೇರೆಯೇ ಆದ ಗುರುತು ಕಾಣಿಸಿತು. ಕಚೇರಿಯಲ್ಲಿ ತಾಳ ತಪ್ಪಿದಾಗ ಮುಂದಿನ ಸಾಲಿನ ರಸಿಕರು ಹುಬ್ಬು ಗಂಟಿಕ್ಕುವಂತೆ, ನಿದ್ದೆಯಲ್ಲಿದ್ದ ಹಸುಗೂಸಿನ ಮೆದುಳೂ ಹುಬ್ಬು ಗಂಟಿಕ್ಕಿತು ಎನ್ನಬಹುದು.

ಇನ್ನು ಜೋಗುಳ. ಕೆನಡಾದಲ್ಲಿ ಸಾಂಡ್ರಾ ಟ್ರೆಹಬ್, ಇಸಬೆಲ್ ಪೆರೆಟ್ಜ್ ಮುಂತಾದವರು ಒಂದು ವರ್ಷದೊಳಗಿನ ಮಕ್ಕಳಿಗೆ ಅವಕ್ಕೆ ಪರಿಚಯವೇ ಇಲ್ಲದ ಟರ್ಕಿ ಭಾಷೆಯಲ್ಲಿ ಒಮ್ಮೆ ಹಾಡು, ಒಮ್ಮೆ ಮುದ್ದುಮಾತು ಕೇಳಿಸಿದರು. ಮುದ್ದುಮಾತು ಕೇಳುತ್ತ ಮಕ್ಕಳು ನಾಲ್ಕು ನಿಮಿಷ ಚಿಲ್ಲರೆ ಹೊತ್ತು ಸುಮ್ಮನಿದ್ದು ಆಮೇಲೆ ಅಳತೊಡಗಿದವು. ಹಾಡು ಕೇಳುತ್ತ ಸರಾಸರಿ ಒಂಬತ್ತು ನಿಮಿಷ ಸುಮ್ಮನಿದ್ದವು. ಭಾಷೆ ತಿಳಿಯದಿದ್ದರೂ, ಮುಖ ಕಾಣದಿದ್ದರೂ, ಹಾಡು ಮಾತಿಗಿಂತ ಎರಡು ಪಟ್ಟು ಹೊತ್ತು ಮಗುವನ್ನು ಹಿಡಿದು ನಿಲ್ಲಿಸಿತು.

ಇದರ ಬೇರು ಎಲ್ಲಿದೆ? ಮಾನವಶಾಸ್ತ್ರಜ್ಞೆ ಡೀನ್ ಫಾಕ್ 2004ರಲ್ಲಿ ಒಂದು ವಿವರಣೆ ಕೊಟ್ಟರು. ಕೋತಿಮರಿ ತಾಯಿಯ ಹೊಟ್ಟೆಯ ಕೂದಲಿಗೆ ಜೋತುಬೀಳುತ್ತದೆ. ಮೈಕೂದಲು ಕಳೆದುಕೊಂಡು, ಎರಡು ಕಾಲಲ್ಲಿ ನಡೆಯತೊಡಗಿದ ಮನುಷ್ಯನ ಕೂಸಿಗೆ ಆ ಅನುಕೂಲವಿಲ್ಲ. ಗೆಡ್ಡೆ ಗೆಣಸು ಅಗೆಯುವ ತಾಯಿ ಕೂಸನ್ನು ನೆಲಕ್ಕಿಳಿಸಲೇಬೇಕು. ಆಗ ಕೈಯ ಬದಲು ದನಿ ಮಗುವನ್ನು ಹಿಡಿದುಕೊಂಡಿತು. 'ಇಲ್ಲೇ ಇದ್ದೇನೆ' ಎಂದು ಹೇಳುತ್ತ ಇರುವ ದನಿ. ಹೊಲದ ಬದುವಿನ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ, ಕಳೆ ಕೀಳುತ್ತಲೇ ದೂರದಿಂದ ಜೋಗುಳ ಹೇಳುವ ತಾಯಿಯನ್ನು ನೋಡಿದವರಿಗೆ ಈ ವಿವರಣೆ ಹೊಸದೆನಿಸದು.

ಬೀಸುಕಲ್ಲಿನ ಇಬ್ಬರು

ಜೋಗುಳ ಇಬ್ಬರ ನಡುವಿನದು. ಆದರೆ ಡೊಳ್ಳು ಕುಣಿತ, ಕೋಲಾಟ, ಭಜನೆ? ಇವು ಗುಂಪಿನವು. ಬೀಸುಕಲ್ಲಿಗೆ ಎದುರು ಬದುರಾಗಿ ಕುಳಿತ ಅತ್ತಿಗೆ ನಾದಿನಿಯರನ್ನು ಕಣ್ಣಮುಂದೆ ತಂದುಕೊಳ್ಳಿ. ಗೂಟವೊಂದು, ಕೈ ಎರಡು. ಒಬ್ಬಳು ಎಳೆದಾಗ ಇನ್ನೊಬ್ಬಳು ಬಿಡಬೇಕು. ಲಯ ತಪ್ಪಿದರೆ ಕೈ ನೋಯುತ್ತದೆ, ಹಿಟ್ಟು ತರಿಯಾಗುತ್ತದೆ. ಹಾಡು ಅಲ್ಲಿ ಇಬ್ಬರ ಉಸಿರನ್ನು ಒಂದು ಮಾಡುತ್ತದೆ. ಬೆಳಗ್ಗೆ ಜಗಳವಾಡಿದವರೂ ಹಾಡು ಮುಗಿಯುವ ಹೊತ್ತಿಗೆ ಅರ್ಧ ರಾಜಿಯಾಗಿರುತ್ತಾರೆ.

ಈ ಅರ್ಧ ರಾಜಿಯನ್ನು ಪ್ರಯೋಗದಲ್ಲಿ ನೋಡಿದವರು ಜರ್ಮನಿಯ ಸೆಬಾಸ್ಟಿಯನ್ ಕಿರ್ಷ್ನರ್ ಮತ್ತು ಮೈಕೆಲ್ ಟೊಮಾಸೆಲ್ಲೊ. ಅವರು 2010ರಲ್ಲಿ ಪ್ರಕಟಿಸಿದಂತೆ, ನಾಲ್ಕು ವರ್ಷದ ಮಕ್ಕಳನ್ನು ಜೋಡಿ ಮಾಡಿ, ಕೆಲವು ಜೋಡಿಗಳಿಗೆ ಹಾಡುತ್ತ ಕುಣಿಯುತ್ತ ಆಡುವ ಆಟ, ಇನ್ನು ಕೆಲವಕ್ಕೆ ಹಾಡಿಲ್ಲದ ಅದೇ ಬಗೆಯ ಆಟ ಕೊಡಲಾಯಿತು. ಆಮೇಲೆ ಒಂದು ಮಗು ಕಷ್ಟಕ್ಕೆ ಸಿಕ್ಕುವಂತೆ ಮಾಡಿದಾಗ, ಜೊತೆಗೆ ಹಾಡಿದ್ದ ಮಕ್ಕಳು ಹೆಚ್ಚಾಗಿ ನೆರವಿಗೆ ಬಂದರು. ಬಾಲವಾಡಿಯ ಶಿಕ್ಷಕಿಯರು ಅನುಭವದಿಂದ ಕಂಡುಕೊಂಡಿರುವ ಮಾತು ಇದು.

2021ರಲ್ಲಿ ಒಂದೇ ವಿದ್ವತ್ ಪತ್ರಿಕೆಯಲ್ಲಿ ಎರಡು ತಂಡಗಳು ಎದುರುಬದುರಾಗಿ ವಾದ ಮಂಡಿಸಿದವು. ಪ್ಯಾಟ್ರಿಕ್ ಸ್ಯಾವೇಜ್ ತಂಡ, ಜನರನ್ನು ಬೆಸೆಯುವುದೇ ಸಂಗೀತದ ಮೂಲ ಕೆಲಸ ಎಂದಿತು. ಸ್ಯಾಮ್ಯುಯೆಲ್ ಮೆಹ್ರ್ ತಂಡ, ಅದು ನಂಬಬಹುದಾದ ಸಂಕೇತ ಎಂದಿತು. ತಾಯಿಯ ಹಾಡು ಮಗುವಿಗೆ 'ನನ್ನ ಗಮನ ನಿನ್ನ ಮೇಲಿದೆ' ಎಂದು ಹೇಳಿದರೆ, ಗುಂಪಿನ ಒಕ್ಕೊರಲು ಹೊರಗಿನವರಿಗೆ 'ನಾವು ಒಗ್ಗಟ್ಟಾಗಿದ್ದೇವೆ' ಎಂದು ಸಾರುತ್ತದೆ. ಈ ವಾದ ಇನ್ನೂ ಮುಗಿದಿಲ್ಲ. ಆದರೆ ಎರಡೂ ಪಕ್ಷಗಳು ಒಂದು ವಿಷಯದಲ್ಲಿ ಒಪ್ಪುತ್ತವೆ: ಸಂಗೀತದ ಬೇರು ಒಂಟಿ ಮನುಷ್ಯನಲ್ಲಿ ಇಲ್ಲ, ಇಬ್ಬರ ಅಥವಾ ಹಲವರ ನಡುವೆ ಇದೆ.

ಯಾವುದು ಹುಟ್ಟು, ಯಾವುದು ರೂಢಿ?

ಹಾಗೆಂದು ಎಲ್ಲವನ್ನೂ ಹುಟ್ಟಿನ ಲೆಕ್ಕಕ್ಕೆ ಬರೆದರೆ ತಪ್ಪಾಗುತ್ತದೆ. ಇಲ್ಲಿ ಸರ್ ಸಿ.ವಿ. ರಾಮನ್ ನೆನಪಾಗಬೇಕು. ಬೆಳಕಿನ ಸಂಶೋಧನೆಗೆ ನೊಬೆಲ್ ಪಡೆದ ರಾಮನ್ ವಾದ್ಯಗಳ ವಿಷಯದಲ್ಲೂ ದೊಡ್ಡ ಕೆಲಸ ಮಾಡಿದವರು. ತಂತಿಯೊಂದನ್ನು ಮೀಟಿದರೆ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಕಂಪನಗಳೂ ಏಳುತ್ತವೆ. ಕಿವಿಗೆ ಅದು ಇಂಪು. ಬಿಗಿದ ಬರಿಯ ಚರ್ಮದಲ್ಲಿ ಈ ಲೆಕ್ಕ ಕೂಡುವುದಿಲ್ಲ, ಆದ್ದರಿಂದ ಅದು ಬರಿ ಸದ್ದು. ಆದರೆ ಮೃದಂಗಕ್ಕೆ ಶ್ರುತಿ ಉಂಟು. ಬಲಮುಖದ ನಡುವೆ ಹಚ್ಚಿದ ಕಪ್ಪು ಲೇಪವೇ ಇದಕ್ಕೆ ಕಾರಣ. 1920ರಲ್ಲಿ ಮೊದಲು ಇದನ್ನು ತೋರಿಸಿದ ರಾಮನ್, 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಆ ಚರ್ಮದ ಮೊದಲ ಒಂಬತ್ತು ಕಂಪನ ರೀತಿಗಳು ಐದು ಸ್ವರಗಳ ಸರಿಯಾದ ಏಣಿಯಾಗಿ ಜೋಡಣೆಗೊಳ್ಳುವುದನ್ನು ವಿವರಿಸಿದರು. ಗಣಿತ ಓದದ ವಾದ್ಯ ತಯಾರಕರು ತಲೆಮಾರುಗಳ ಕಾಲ ಕಿವಿಯನ್ನೇ ಅಳತೆಗೋಲು ಮಾಡಿಕೊಂಡು ಈ ಲೆಕ್ಕಕ್ಕೆ ಬಂದು ಮುಟ್ಟಿದ್ದರು.

ಹಾಗಾದರೆ ಇಂಪು ಎಂಬುದು ಎಲ್ಲ ಕಿವಿಗೂ ಒಂದೇ ಏನು? ಅಲ್ಲ. ದಕ್ಷಿಣ ಅಮೆರಿಕದ ಬೊಲಿವಿಯಾದ ಕಾಡಿನಲ್ಲಿ ತ್ಸಿಮಾನೆ ಎಂಬ ಜನರಿದ್ದಾರೆ. ಪಾಶ್ಚಾತ್ಯ ಕಿವಿಗೆ ಕರ್ಕಶವೆನಿಸುವ ಸ್ವರಜೋಡಿಗಳೂ ಇಂಪೆನಿಸುವ ಸ್ವರಜೋಡಿಗಳೂ ಅವರಿಗೆ ಒಂದೇ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ಕಿವಿಯ ರಚನೆ ಪ್ರಕೃತಿ ಕೊಟ್ಟದ್ದು. ಅದು ಏನನ್ನು ಮೆಚ್ಚಬೇಕೆಂಬುದರಲ್ಲಿ ಊರು ಕೇರಿಯ ಪಾಲೂ ದೊಡ್ಡದು.

ಇನ್ನೊಂದು ಕಡೆ, 2019ರಲ್ಲಿ ಮೆಹ್ರ್ ಮತ್ತು ಸಂಗಡಿಗರು 60 ಸಮಾಜಗಳ ಹಾಡುಗಳ ಬಗ್ಗೆ ಮಾನವಶಾಸ್ತ್ರಜ್ಞರು ಬರೆದಿಟ್ಟ ಸುಮಾರು 5,000 ವಿವರಣೆಗಳನ್ನೂ, 86 ಸಮಾಜಗಳ 118 ಹಾಡುಗಳ ಧ್ವನಿಮುದ್ರಣಗಳನ್ನೂ ಜಾಲಾಡಿದರು. ಜೋಗುಳ, ಕುಣಿತದ ಹಾಡು, ರೋಗ ವಾಸಿಮಾಡುವ ಹಾಡು, ಪ್ರೇಮದ ಹಾಡು, ಈ ನಾಲ್ಕು ಬಗೆಯನ್ನು ಭಾಷೆ ಗೊತ್ತಿಲ್ಲದ ಕೇಳುಗರೂ ಊಹೆಗಿಂತ ಚೆನ್ನಾಗಿ ಗುರುತಿಸಿದರು. ಇದೇ ತಂಡದ ಇದಕ್ಕೂ ಮೊದಲಿನ ಅಧ್ಯಯನದಲ್ಲಿ ಕೇಳುಗರು ಜೋಗುಳವನ್ನೂ ಕುಣಿತದ ಹಾಡನ್ನೂ ಸುಲಭವಾಗಿ ಹಿಡಿದರು, ಎಡವಿದ್ದು ಪ್ರೇಮದ ಹಾಡಿನಲ್ಲಿ. ಡಾರ್ವಿನನಿಗೆ ಇದು ಸ್ವಲ್ಪ ನಿರಾಸೆ ತರುತ್ತಿತ್ತೇನೋ.

ಮೆದುಳಿನ ಸಾಕ್ಷ್ಯವೂ ಇದೆ. ತನಿ ಆವರ್ತನದ ಕೊನೆಯಲ್ಲಿ ಮುಕ್ತಾಯ ಮೂರು ಸಲ ಬಂದು ಪೆಟ್ಟು ಬೀಳಬೇಕಾದ ಜಾಗದಲ್ಲೇ ಬಿದ್ದಾಗ ಮೈ ಜುಮ್ಮೆನ್ನುತ್ತದೆ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಅಧ್ಯಯನದ ಪ್ರಕಾರ ಆ ಕ್ಷಣದಲ್ಲಿ ಮೆದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸುತ್ತದೆ. ಹಸಿದಾಗ ಊಟ ಸಿಕ್ಕಿದ ತೃಪ್ತಿಯ ಹಿಂದೆಯೂ ಕೆಲಸ ಮಾಡುವುದು ಅದೇ. ವಿಶೇಷವೆಂದರೆ ಆ ಕ್ಷಣಕ್ಕಾಗಿ ಕಾಯುವಾಗಲೂ ಅದು ಸ್ರವಿಸುತ್ತದೆ. ಪಾರ್ಶ್ವವಾಯು ಹೊಡೆದು ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಕಳೆದುಕೊಂಡ ಕೆಲವರು, ಹೆಸರು ಹೇಳಲಾಗದಿದ್ದರೂ ಹಳೆಯ ಹಾಡನ್ನು ಪದಗಳ ಸಮೇತ ಹಾಡಬಲ್ಲರು. ಇದನ್ನೇ ಆಧಾರವಾಗಿಟ್ಟುಕೊಂಡು ರಾಗದ ಮೂಲಕ ಮಾತು ಮರಳಿಸುವ ಚಿಕಿತ್ಸೆ 1973ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಡಾ. ಶಾಂತಲಾ ಹೆಗಡೆ ಅವರು ಸಂಗೀತ ಮತ್ತು ಮೆದುಳಿನ ಸಂಬಂಧದ ಸಂಶೋಧನೆಯಲ್ಲಿ ತೊಡಗಿದ್ದಾರೆ. ಇನ್ನು ಹುಟ್ಟಿನಿಂದಲೇ ಸ್ವರಭೇದ ತಿಳಿಯದ ಕಿವಿಯವರೂ ಇದ್ದಾರೆ, ಆದರೆ ಅವರ ಸಂಖ್ಯೆ ನೂರಕ್ಕೆ ಒಂದೂವರೆಯಷ್ಟು. ತಮಗೆ ಸಂಗೀತ ಒಲಿಯದು ಎಂದು ಹೇಳಿಕೊಳ್ಳುವ ಬಹುಮಂದಿ ಆ ಗುಂಪಿಗೆ ಸೇರಿದವರಲ್ಲ. ಅವರಿಗೆ ಚಿಕ್ಕಂದಿನಲ್ಲಿ ಯಾರೋ 'ನಿನ್ನ ದನಿ ಚೆನ್ನಾಗಿಲ್ಲ' ಎಂದು ಬಾಯಿ ಮುಚ್ಚಿಸಿರುತ್ತಾರೆ, ಅಷ್ಟೆ.

ಹಾಡು ಮರೆತ ಹಕ್ಕಿಗಳು

ಈಗ ಮತ್ತೆ ಹಕ್ಕಿಗಳ ಬಳಿಗೆ ಬರೋಣ. ಎಲ್ಲ ಹಕ್ಕಿಗಳೂ ಕೋಗಿಲೆಯಂತಲ್ಲ. ಗೊರವಂಕ, ಮಡಿವಾಳ, ಕಾಜಾಣ ಮುಂತಾದ ಹಾಡುಹಕ್ಕಿಗಳ ಬಳಗ ಹಾಡನ್ನು ಕಲಿಯುತ್ತದೆ. ಮರಿಯಾಗಿದ್ದಾಗ ಹಿರಿಯ ಹಕ್ಕಿಯ ಹಾಡು ಕೇಳಬೇಕು, ತಾನೇ ತೊದಲಬೇಕು, ತಿದ್ದಿಕೊಳ್ಳಬೇಕು. ಹಿರಿಯರ ಹಾಡು ಕೇಳದಂತೆ ಬೆಳೆಸಿದರೆ ಅವು ಒರಟೊರಟಾಗಿ ಏನೋ ಹಾಡುತ್ತವೆಯೇ ಹೊರತು ತಮ್ಮ ಕುಲದ ಹಾಡು ಬರುವುದಿಲ್ಲ ಎಂಬುದನ್ನು ವಿಲಿಯಂ ಥಾರ್ಪ್, ಪೀಟರ್ ಮಾರ್ಲರ್ ಮೊದಲಾದವರು ಕಳೆದ ಶತಮಾನದಲ್ಲೇ ತೋರಿಸಿಕೊಟ್ಟರು.

ಇಂಥ ಹಕ್ಕಿಗಳಿಗೆ ಒಂದು ಅಪಾಯವಿದೆ, ಕೋಗಿಲೆಗೆ ಇಲ್ಲದ್ದು. ಆಸ್ಟ್ರೇಲಿಯಾದಲ್ಲಿ ರೀಜೆಂಟ್ ಹನಿಈಟರ್ ಎಂಬ ಹಕ್ಕಿ ಇದೆ. ಕಾಡು ಕಡಿದು ಕಡಿದು ಈಗ ಅವು ಕೆಲವೇ ನೂರು ಉಳಿದಿವೆ. ಅಷ್ಟು ವಿಸ್ತಾರವಾದ ಪ್ರದೇಶದಲ್ಲಿ ಮರಿಗಂಡುಗಳಿಗೆ ಪಾಠ ಹೇಳಲು ಹಿರಿಯ ಗಂಡು ಸಿಗುವುದಿಲ್ಲ. 2021ರ ಅಧ್ಯಯನದ ಪ್ರಕಾರ ಶೇ. 12ರಷ್ಟು ಗಂಡುಗಳು ತಮ್ಮ ಹಾಡನ್ನೇ ಅರಿಯದೆ, ಅಕ್ಕಪಕ್ಕದ ಬೇರೆ ಜಾತಿಯ ಹಕ್ಕಿಗಳ ಹಾಡನ್ನು ಹಾಡುತ್ತಿದ್ದವು. ಹಕ್ಕಿ ಬದುಕಿದೆ, ಗಂಟಲು ಇದೆ, ಹಾಡಬೇಕೆಂಬ ಆಸೆಯೂ ಇದೆ. ಹಾಡು ಮಾತ್ರ ಹೋಗಿದೆ.

ಮನುಷ್ಯ ಯಾವ ಬಳಗದವನು? ನಮಗೆ ತೀರ ಹತ್ತಿರದ ಚಿಂಪಾಂಜಿ ಹಾಡುವುದಿಲ್ಲ. ಅಸ್ಸಾಂ ಕಡೆಯ ಕಾಡುಗಳಲ್ಲಿ ಜೋಡಿಯಾಗಿ ಹಾಡುವ ಗಿಬ್ಬನ್ ಉಂಟು, ಆದರೆ ಅದರ ಹಾಡು ಬಹುಪಾಲು ಹುಟ್ಟಿನಿಂದ ಬಂದದ್ದು. ಮನುಷ್ಯ ಈ ವಿಷಯದಲ್ಲಿ ತನ್ನ ನೆಂಟರಾದ ವಾನರರನ್ನು ಬಿಟ್ಟು ಗೊರವಂಕದ ಸಾಲಿನಲ್ಲಿ ಕುಳಿತಿದ್ದಾನೆ. ತಾಳ ಹಿಡಿಯುವ ಮೆದುಳು, ಸ್ವರ ಗುರುತಿಸುವ ಕಿವಿ, ಹಾಡಬೇಕೆಂಬ ತುಡಿತ, ಇವು ಪ್ರಕೃತಿ ಕೊಟ್ಟ ಪಾತ್ರೆ. ಪಾತ್ರೆಗೆ ಹಾಲು ಹೊಯ್ಯಬೇಕಾದವರು ಹಿರಿಯರು.

ಬಳ್ಳಾರಿಯ ಮೊಳಗುವ ಬಂಡೆಗಳು

ಹಾಲು ಹೊಯ್ಯುವ ಕೈ ನಿಂತರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ಕರ್ನಾಟಕದಲ್ಲೇ ಇದೆ. ಬಳ್ಳಾರಿ ನಗರದ ಸಮೀಪ ಸಂಗನಕಲ್ಲು, ಕಪ್ಪಗಲ್ಲು ಎಂಬ ಊರುಗಳ ನಡುವೆ ಹಿರೇಗುಡ್ಡ ಎಂಬ ಗುಡ್ಡವಿದೆ. ಅದರ ಮೈಯಲ್ಲಿ ಓಡುವ ಕಪ್ಪು ಬಂಡೆಗಳ ಸಾಲಿನ ಮೇಲೆ ನವಶಿಲಾಯುಗದ ಜನ ಉದ್ದ ಕೊಂಬಿನ ದನಗಳನ್ನೂ ಮನುಷ್ಯರನ್ನೂ ಕುಟ್ಟಿ ಕುಟ್ಟಿ ಚಿತ್ರಿಸಿದ್ದಾರೆ. ಈ ಚಿತ್ರಗಳ ವಿಷಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ವಿದ್ವಾಂಸರಿಗೆ ತಿಳಿದಿತ್ತು. ಪುರಾತತ್ವಜ್ಞೆ ನಿಕೋಲ್ ಬಾಯ್ವಿನ್ ಅವರು ಧಾರವಾಡದ ಪ್ರೊ. ರವಿ ಕೋರಿಶೆಟ್ಟರ್ ಮುಂತಾದವರೊಡನೆ ಈ ನೆಲೆಯಲ್ಲಿ ಕೆಲಸ ಮಾಡಿ, 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇನ್ನೊಂದು ಸಂಗತಿಯತ್ತ ಗಮನ ಸೆಳೆದರು. ಅಲ್ಲಿನ ಕೆಲವು ಬಂಡೆಗಳ ಮೇಲೆ ಚಿತ್ರವಲ್ಲದ, ಬಟ್ಟಲಿನಂತೆ ಸವೆದ ಗುಳಿಗಳಿವೆ. ಸಣ್ಣ ಕಲ್ಲಿನಿಂದ ಆ ಜಾಗದಲ್ಲಿ ಬಾರಿಸಿದರೆ ಬಂಡೆ ಗಂಟೆಯಂತೆ ಮೊಳಗುತ್ತದೆ. ಯಾರೋ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಾರಿಸಿ ಬಾರಿಸಿ ಆ ಗುಳಿ ಬಿದ್ದಿದೆ.

ಅದೇ ಗುಡ್ಡದಲ್ಲಿ ಅದೇ ಕಪ್ಪು ಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದರು. ಕಲ್ಲಿಗೆ ಕಲ್ಲು ತಾಗುವ ಸದ್ದು ಅವರ ದಿನನಿತ್ಯದ ದುಡಿಮೆಯ ಸದ್ದು. ಯಾವ ಬಂಡೆ ಮೂಕ, ಯಾವ ಬಂಡೆ ಹಾಡುತ್ತದೆ ಎಂದು ಆ ಕಿವಿಗಳಿಗೆ ಗೊತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಜರ್ಮನಿಯ ಗುಹೆಯೊಂದರಲ್ಲಿ 2008ರಲ್ಲಿ ಸಿಕ್ಕಿದ, ರಣಹದ್ದಿನ ಮೂಳೆಯಿಂದ ಮಾಡಿದ ಕೊಳಲು 35,000 ವರ್ಷಕ್ಕೂ ಹಳೆಯದು. ಅದಕ್ಕೆ ಹೋಲಿಸಿದರೆ ಮೂರರಿಂದ ಐದು ಸಾವಿರ ವರ್ಷದ ಹಿಂದಿನ ಬಳ್ಳಾರಿಯ ಬಂಡೆ ಎಳೆಯದು. ಆದರೆ ಕೊಳಲು ಇಂದು ಗಾಜಿನ ಪೆಟ್ಟಿಗೆಯ ವಸ್ತು. ಬಂಡೆ ಇದ್ದಲ್ಲೇ ಇದೆ, ಬಾರಿಸಿದರೆ ಅಂದಿನ ದನಿಯನ್ನೇ ಕೊಡುತ್ತದೆ.

ಇಲ್ಲಿ ಎರಡು ನಷ್ಟಗಳನ್ನು ನೋಡಬೇಕು. ಒಂದು, ಈ ನೆಲೆಗೆ ಕಲ್ಲುಗಣಿಗಾರಿಕೆಯಿಂದ ಅಪಾಯವಿದೆ ಎಂದು 2004ರಲ್ಲೇ ಸಂಶೋಧಕರು ಎಚ್ಚರಿಸಿದ್ದರು. ಒಡೆದ ಬಂಡೆ ಮತ್ತೆ ಮೊಳಗುವುದಿಲ್ಲ. ಎರಡನೆಯ ನಷ್ಟ ಆಗಲೇ ಆಗಿಹೋಗಿದೆ. ಬಂಡೆ ಉಳಿಯಿತು, ಅದರ ಮೇಲೆ ಬಾರಿಸಿದ ತಾಳ ಉಳಿಯಲಿಲ್ಲ. ಆ ಜನ ಎಷ್ಟು ಮಾತ್ರೆಯ ಲೆಕ್ಕದಲ್ಲಿ ಬಾರಿಸಿದರು, ಜೊತೆಗೆ ಏನು ಹಾಡಿದರು, ದನ ಕಾಯುವ ಹುಡುಗನನ್ನು ಯಾವ ಹಾಡಿನಿಂದ ಮಲಗಿಸಿದರು, ಇದನ್ನು ಯಾವ ಉತ್ಖನನವೂ ಹೊರತೆಗೆಯಲಾರದು. ಹಾಡು ಕಲ್ಲಿನಲ್ಲಿ ನಿಲ್ಲುವ ವಸ್ತುವಲ್ಲ, ಬಾಯಿಂದ ಬಾಯಿಗೆ ದಾಟುವ ವಸ್ತು. ಒಂದು ತಲೆಮಾರು ಬಾಯಿ ಮುಚ್ಚಿದರೆ ಸಾವಿರ ವರ್ಷದ್ದು ಅಲ್ಲಿಗೆ ಮುಗಿಯಿತು.

ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರ ಹೆಸರು ನಿಮಗೆ ಗೊತ್ತಿರಬಹುದು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೆಂದೇ ಹೆಸರಾದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರ ವಿಶ್ವವಿದ್ಯಾಲಯ ಅವರ ತಾಯಿ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಹಾಡುಗಳಲ್ಲಿ ಕೆಲವು ಧ್ವನಿಮುದ್ರಣದಲ್ಲಿ ಉಳಿದಿವೆ, ಕೆಲವು ಅವರಿಂದ ಕಲಿತವರ ಬಾಯಲ್ಲಿ ಉಳಿದಿವೆ. ಎರಡೂ ಕಡೆ ಸೇರದೆ ಉಳಿದವು ಅವರೊಡನೆ ಹೋದವು. ಇದು ಅಂಕೋಲೆಯ ಮಾತು ಮಾತ್ರವಲ್ಲ. ತುಮಕೂರು, ಹಾಸನ, ಮಂಡ್ಯ, ಚಿತ್ರದುರ್ಗದ ಹಳ್ಳಿಗಳಿಂದ ಬಂದು ವಿಜಯನಗರದಲ್ಲೋ ಕೆಂಗೇರಿಯಲ್ಲೋ ನೆಲೆಸಿದ ಮನೆಗಳಲ್ಲಿ ಎಷ್ಟೋ ಅಜ್ಜಿಯರು ಇದ್ದಾರೆ. ಮೂರನೆಯ ಮಹಡಿಯ ಫ್ಲಾಟಿನಲ್ಲಿ, ಟಿವಿಯ ಮುಂದೆ, ಸುಮ್ಮನೆ ಕುಳಿತಿದ್ದಾರೆ. ಮೊಮ್ಮಗುವನ್ನು ಮಲಗಿಸಲು ಮೊಬೈಲ್ ಫೋನಿನಲ್ಲಿ ಯಾವುದೋ ದೇಶದ ಜೋಗುಳ ಹಚ್ಚಿರುತ್ತಾರೆ. ಫೋನಿನ ಹಾಡು ಇಂಪಾಗಿಯೇ ಇರಬಹುದು. ಆದರೆ ಅದು ಮಗುವಿನ ಮುಖ ನೋಡುವುದಿಲ್ಲ, ಮಗು ಬಿಕ್ಕಿದಾಗ ಲಯ ಬದಲಿಸುವುದಿಲ್ಲ. 'ನನ್ನ ಗಮನ ನಿನ್ನ ಮೇಲಿದೆ' ಎಂದು ಅದು ಹೇಳಲಾರದು, ಏಕೆಂದರೆ ಅದಕ್ಕೆ ಗಮನವೇ ಇಲ್ಲ.

ಪರೀಕ್ಷೆಯ ಅಂಕಗಳ ಒತ್ತಡದಲ್ಲಿ ಮೊದಲು ರದ್ದಾಗುವುದು ಸಂಗೀತದ ಪೀರಿಯಡ್. ಅದು ಸಿಹಿ ತಿನಿಸು, ಊಟವಲ್ಲ ಎಂಬ ಭಾವನೆ ನಮ್ಮಲ್ಲೂ ಬೇರೂರಿದೆ. ಇಲ್ಲಿಯವರೆಗೆ ನೋಡಿದ ಸಾಕ್ಷ್ಯ ಹೇಳುವುದು ಬೇರೆ. ಗರ್ಭದಲ್ಲಿ ಶುರುವಾಗಿ, ತೊಟ್ಟಿಲಲ್ಲಿ ಬೆಳೆದು, ಜೊತೆಯವರನ್ನು ಜೊತೆಯವರನ್ನಾಗಿ ಮಾಡುವ, ಮಾತು ಹೋದ ಮೇಲೂ ಉಳಿಯುವ ವಸ್ತು ಅದು.

ಕೋಗಿಲೆಯ ಬಗ್ಗೆ ಚಿಂತೆ ಬೇಡ. ಕಾಗೆಯೇ ಸಾಕಿದರೂ ಅದರ ಹಾಡು ಅದಕ್ಕೆ ಬರುತ್ತದೆ. ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲ. ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮನೆಯಲ್ಲಿ ಹಿರಿಯರಿದ್ದರೆ ಟಿವಿ ಆರಿಸಿ, ಅವರು ಚಿಕ್ಕಂದಿನಲ್ಲಿ ಕೇಳಿದ ಒಂದು ಹಾಡನ್ನು ಹೇಳಿಸಿ. ದನಿ ನಡುಗಿದರೆ ನಡುಗಲಿ, ಸಾಲು ಮರೆತರೆ ಮರೆಯಲಿ. ಪಕ್ಕದಲ್ಲಿ ಮಗು ಇರಲಿ.